ಶಾಲೆಯ ಜಾಲತಾಣದಲ್ಲಿ ಕನ್ನಡದ ಒತ್ತಕ್ಷರ ಕತ್ತರಿಸುವ ಹಕ್ಕು ಯಾರದ್ದು?

ಮೇ ತಿಂಗಳ ಕೊನೆಯ ವಾರ. ಶಾಲೆ ತೆರೆಯಲು ನಾಲ್ಕೈದು ದಿನ ಬಾಕಿ ಇತ್ತು. ಮಧ್ಯಾಹ್ನ ಊಟ ಮುಗಿಸಿ ಕೂತಿದ್ದೆ, ಫೋನ್ ಬಂತು. ನನ್ನ ಹಳೆಯ ವಿದ್ಯಾರ್ಥಿ. ಈಗ ದುಬೈಯಲ್ಲಿ ಕೆಲಸ, ಹೆಂಡತಿ ಮಗು ಊರಲ್ಲಿ.

"ಮಾಷ್ಟ್ರೇ, ನಮ್ಮ ಶಾಲೆಯಲ್ಲಿ ಕನ್ನಡ ಮೀಡಿಯಂ ಈಗ ಇಲ್ವಾ?"

"ಯಾರು ಹೇಳಿದ್ದು ಮಾರಾಯ? ಉಂಟಲ್ಲ! ಇಲ್ಲದಿದ್ದರೆ ನಾನು ಇಲ್ಲಿ ಎಂತ ಮಾಡ್ತಾ ಇದ್ದೇನೆ?"

"ಅಲ್ಲ ಮಾಷ್ಟ್ರೇ, ವೆಬ್‌ಸೈಟ್ ನೋಡಿದೆ. ಮೇಲೆ ಎಲ್ಲ ಮಲಯಾಳ, ಇಂಗ್ಲಿಷ್. ಕನ್ನಡ ಅಂತ ಎಲ್ಲಿಯೂ ಕಾಣಲಿಲ್ಲ. ನಿಂತು ಹೋಯಿತು ಅಂತ ಗ್ರಹಿಸಿದೆ. ಮಗುವನ್ನು ಆಚೆ ಇಂಗ್ಲಿಷ್ ಮೀಡಿಯಂಗೆ ಸೇರಿಸಿ ಆಯ್ತು. ಫೀಸೂ ಕಟ್ಟಿ ಆಯ್ತು."

ನಾನು ಏನು ಹೇಳಲಿ? ಫೋನ್ ಇಟ್ಟು ನಮ್ಮ ಶಾಲೆಯ ಜಾಲತಾಣವನ್ನು ಮೊಬೈಲಿನಲ್ಲೇ ತೆರೆದು ನೋಡಿದೆ. ಹುಡುಗ ಹೇಳಿದ್ದು ಸುಳ್ಳಲ್ಲ. ಮೇಲಿನ ಮೆನುವಿನಲ್ಲಿ ಕನ್ನಡ ವಿಭಾಗ ಇಲ್ಲ. ನಾನು ಬರೆದು ಹಾಕಿದ ಹದಿನೇಳು ಲೇಖನ, ವರದಿ, ಮಕ್ಕಳ ಕವನ ಎಲ್ಲವೂ ಒಳಗೆ ಎಲ್ಲೋ ಅಟ್ಟದ ಮೇಲೆ ಹಳೆಯ ಪಾತ್ರೆ ಇಟ್ಟ ಹಾಗೆ ಬಿದ್ದಿವೆ. ಹುಡುಕಿ ತೆರೆದರೆ ಇನ್ನೊಂದು ಅವಸ್ಥೆ. ದೊಡ್ಡ ಅಕ್ಷರದ ತಲೆಬರಹದಲ್ಲಿ ಒತ್ತಕ್ಷರವೇ ಇಲ್ಲ! ಸಾಲಿನ ಎತ್ತರ ಸಾಲದೆ ಅಕ್ಷರದ ಕೆಳಗಿನ ಭಾಗವನ್ನು ಕತ್ತಿಯಿಂದ ಕಡಿದ ಹಾಗೆ ಕಡಿದಿದೆ. 'ಸ್ವಾತಂತ್ರ್ಯೋತ್ಸವ' ಎಂದು ಬರೆದದ್ದು 'ಸಾತಂತೋತವ' ಆಗಿದೆ. 'ಶಿಕ್ಷಕ' ಹೋಗಿ 'ಶಿಕಕ'. 'ಕನ್ನಡ' ಹೋಗಿ 'ಕನಡ'.

ಒಂದನೇ ತರಗತಿಯ ಮಗು 'ಕನಡ' ಎಂದು ಬರೆದರೆ ನಾವು ಕೆಂಪು ಶಾಯಿಯಲ್ಲಿ ತಿದ್ದುತ್ತೇವೆ. ಶಾಲೆಯೇ ಊರಿಗೆಲ್ಲ ಕಾಣುವ ಹಾಗೆ 'ಕನಡ' ಎಂದು ಬರೆದರೆ ತಿದ್ದುವವರು ಯಾರು?

ನಾನು ತಿದ್ದಲು ಹೋದೆ. ಆಗಲಿಲ್ಲ. ಆ ಕಥೆಯೇ ಈ ಲೇಖನ.

ತಾಣ ಮಾಡಿಕೊಟ್ಟವರಿಗೆ ಫೋನ್ ಮಾಡಿದೆ. ಒಳ್ಳೆಯ ಹುಡುಗರೇ. "ಸಾರ್, ನಿಮಗೆ ಲಾಗಿನ್ ಕೊಟ್ಟಿದ್ದೇವಲ್ಲ, ಬೇಕಾದಷ್ಟು ಬರೆಯಿರಿ" ಎಂದರು. ಬರೆಯುವುದು ಬೇರೆ, ಬರೆದದ್ದು ಸರಿಯಾಗಿ ಕಾಣುವ ಹಾಗೆ ಮಾಡುವುದು ಬೇರೆ ಎಂದೆ. "ಅದು ಡಿಸೈನ್ ಸಾರ್. ಡಿಸೈನ್ ಪರ್ಮಿಶನ್ ಅಡ್ಮಿನ್‌ಗೆ ಮಾತ್ರ." ಅಡ್ಮಿನ್ ಯಾರು? ಅವರ ಕಂಪೆನಿ. ಶಾಲೆಯ ಕಡೆಯಿಂದ ಒಬ್ಬರೂ ಇಲ್ಲ. ಹೆಡ್ ಟೀಚರ್ ಕೂಡ ಅಲ್ಲ!

ಈ 'ಡಿಸೈನ್ ಪರ್ಮಿಶನ್' ಎಂದರೆ ಏನು ಎಂಬುದನ್ನು ನಮ್ಮ ಅಧ್ಯಾಪಕ ಮಿತ್ರರೆಲ್ಲ ಸ್ವಲ್ಪ ತಿಳಿದುಕೊಳ್ಳಬೇಕು. ಗೊತ್ತಿಲ್ಲದ ಕಾರಣವೇ ನಾವು ಎರಡೇ ರೀತಿ ನಡೆದುಕೊಳ್ಳುತ್ತೇವೆ. ಒಂದೋ ಸುಮ್ಮನಿರುತ್ತೇವೆ, ಇಲ್ಲ ಜಗಳ ಮಾಡುತ್ತೇವೆ. ಸರಿಯಾದದ್ದನ್ನು ಸರಿಯಾದ ಹೆಸರಿನಲ್ಲಿ ಕೇಳುವುದು ನಮಗೆ ಬರುವುದಿಲ್ಲ.

ನಮ್ಮ ಶಾಲೆಯ ತಾಣ ಇರುವುದು ವರ್ಡ್‌ಪ್ರೆಸ್ ಎಂಬ ತಂತ್ರಾಂಶದ ಮೇಲೆ. ಉಚಿತ, ಮುಕ್ತ ತಂತ್ರಾಂಶ. ಶಾಲೆ, ಸಂಘ, ದೇವಸ್ಥಾನ, ಪತ್ರಿಕೆ ಹೀಗೆ ಎಷ್ಟೋ ತಾಣಗಳು ಇದರಲ್ಲೇ ಇವೆ. ಇದರಲ್ಲಿ ಒಬ್ಬೊಬ್ಬರಿಗೆ ಒಂದೊಂದು 'ಪಾತ್ರ', ಪ್ರತಿ ಪಾತ್ರಕ್ಕೆ ಇಷ್ಟಿಷ್ಟು 'ಅನುಮತಿ'. ಮೊದಲು ಸೊನ್ನೆಯಿಂದ ಹತ್ತರ ತನಕ ಮಟ್ಟಗಳಿದ್ದವು. 2005ರ ಡಿಸೆಂಬರಿನಲ್ಲಿ ಬಂದ 2.0 ಆವೃತ್ತಿಯಲ್ಲಿ ಈ ಪಾತ್ರಗಳ ಪದ್ಧತಿ ಬಂತು. ಇವತ್ತಿಗೂ ಅದೇ ಐದು ಪಾತ್ರಗಳು.

ಚಂದಾದಾರ: ಲಾಗಿನ್ ಆಗಿ ಓದಬಹುದು, ಅಷ್ಟೇ. ಕೊಡುಗೆದಾರ: ಬರೆದು ಕೊಡಬಹುದು, ತಾನೇ ಪ್ರಕಟಿಸುವಂತಿಲ್ಲ, ಚಿತ್ರ ಏರಿಸುವಂತಿಲ್ಲ. ಲೇಖಕ: ತನ್ನ ಲೇಖನವನ್ನು ತಾನೇ ಪ್ರಕಟಿಸಬಹುದು. ಸಂಪಾದಕ: ಎಲ್ಲರ ಲೇಖನ, ಎಲ್ಲ ಪುಟಗಳನ್ನು ತಿದ್ದಬಹುದು, ಅಳಿಸಬಹುದು. ಕೊನೆಯವನು ನಿರ್ವಾಹಕ, ಅಂದರೆ ಅಡ್ಮಿನ್: ಎಲ್ಲವೂ ಅವನದ್ದೇ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದುಂಟು. ಸಂಪಾದಕನಿಗೂ ತಾಣದ ರೂಪದ ಮೇಲೆ ಕೈ ಇಡುವ ಅನುಮತಿ ಇಲ್ಲ. ಇಡೀ ತಾಣದ ಬರಹವನ್ನು ಅಳಿಸಿ ಹಾಕಬಲ್ಲವನು ಮೆನುವಿಗೆ ಒಂದು ಹೆಸರು ಸೇರಿಸಲಾರ! ಮೆನು, ಅಕ್ಷರದ ಮುಖ, ಸಾಲಿನ ಎತ್ತರ, ತಲೆಪಟ್ಟಿ, ಅಡಿಪಟ್ಟಿ ಎಲ್ಲದಕ್ಕೂ ಸೇರಿ ಇರುವುದು ಒಂದೇ ಅನುಮತಿ. ಅದರ ಹೆಸರು 'ಎಡಿಟ್ ಥೀಮ್ ಆಪ್ಶನ್ಸ್'. ತಾನಾಗಿ ಅದು ಸಿಗುವುದು ಅಡ್ಮಿನ್‌ಗೆ ಮಾತ್ರ. 2022ರ ಜನವರಿಯಲ್ಲಿ 5.9 ಆವೃತ್ತಿಯೊಂದಿಗೆ 'ಸೈಟ್ ಎಡಿಟರ್' ಎಂಬ ಹೊಸ ವ್ಯವಸ್ಥೆ ಬಂತು. ಇಡೀ ತಾಣದ ರೂಪವನ್ನು ಕೋಡ್ ಬರೆಯದೆ ಬದಲಿಸಬಹುದು ಎಂದು ದೊಡ್ಡ ಸುದ್ದಿಯಾಯಿತು. ಅದಕ್ಕೂ ಇದೇ ಬೀಗ, ಇದೇ ಬೀಗದಕೈ.

ಇನ್ನೊಂದು ತಮಾಷೆ ನೋಡಿ. ನಾನು ಬರೀ 'ಲೇಖಕ'. ನನ್ನ ಲೇಖನದ ಒಂದೊಂದು ಪ್ಯಾರಾಕ್ಕೆ ಒಂದೊಂದು ಬಣ್ಣ ಕೊಡಬಹುದು. ಕೆಂಪು ಹಿನ್ನೆಲೆಯಲ್ಲಿ ಹಸಿರು ಅಕ್ಷರ ಹಾಕಬಹುದು. ಅಕ್ಷರವನ್ನು ಕುಂಬಳಕಾಯಿಯಷ್ಟು ದೊಡ್ಡದು ಮಾಡಬಹುದು. ಥೀಮ್ ಮಾಡಿದವರು ತಡೆದಿರದಿದ್ದರೆ ಯಾರೂ ಕೇಳುವವರಿಲ್ಲ. ಆದರೆ ಒತ್ತಕ್ಷರ ಕತ್ತರಿಸದ ಹಾಗೆ ತಾಣದ ತಲೆಬರಹದ ಸಾಲನ್ನು ಒಂದಿಷ್ಟು ಅಗಲ ಮಾಡುವ ಅನುಮತಿ ನನಗಿಲ್ಲ. ಕೆಡಿಸುವ ಅಧಿಕಾರ ಧಾರಾಳವಾಗಿ ಉಂಟು, ಸರಿ ಮಾಡುವ ಅಧಿಕಾರ ಇಲ್ಲ! ನನ್ನ ತಕರಾರು ಇದೇ. ಅನುಮತಿ ಕಡಿಮೆಯಾಯಿತು ಎಂದಲ್ಲ, ಬೇಡವಾದ ಕಡೆ ಕೊಟ್ಟು ಬೇಕಾದ ಕಡೆ ಕಿತ್ತುಕೊಂಡಿದ್ದಾರೆ ಎಂದು.

"ಅಷ್ಟು ಸಣ್ಣ ವಿಷಯಕ್ಕೆ ಇಷ್ಟು ಗಲಾಟೆಯಾ?" ಎಂದು ಸ್ಟಾಫ್ ರೂಮಿನಲ್ಲೇ ಒಬ್ಬರು ಕೇಳಿದರು. ಸಣ್ಣದಲ್ಲ, ಹೇಳುತ್ತೇನೆ ಕೇಳಿ.

ಇಂಗ್ಲಿಷ್ ಅಕ್ಷರಗಳು ಒಂದರ ಪಕ್ಕ ಒಂದು ಸಾಲಾಗಿ ನಿಲ್ಲುತ್ತವೆ. ಕೆಲವಕ್ಕೆ ಸಣ್ಣ ಬಾಲ ಉಂಟು, ಅಷ್ಟೇ. ಅಕ್ಷರದ ಕೆಳಗೆ ಇನ್ನೊಂದು ಅಕ್ಷರ ಕೂರುವ ಪದ್ಧತಿ ಅಲ್ಲಿ ಇಲ್ಲ. ನಮ್ಮದರಲ್ಲಿ ಹಾಗಲ್ಲ. 'ತ್ರ್ಯ' ಎಂದರೆ 'ತ'ದ ಕೆಳಗೆ ಎರಡು ಒತ್ತುಗಳು. ಇಂಗ್ಲಿಷಿಗೆ ಹೊಲಿದ ಅಂಗಿಯನ್ನು ಕನ್ನಡಕ್ಕೆ ತೊಡಿಸಿದರೆ ಕೆಳಗೆ ಸಾಲುವುದಿಲ್ಲ. ಎರಡು ಸಾಲಿನ ತಲೆಬರಹವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ.

ತಾಣ ಮಾಡಿದ ಹುಡುಗರು ಮಲಯಾಳದಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ, ಎಲ್ಲ ಸರಿ ಕಂಡಿದೆ. ಅದಕ್ಕೂ ಕಾರಣ ಉಂಟು. ಟೈಪ್‌ರೈಟರಿಗೂ ಅಚ್ಚಿಗೂ ಅನುಕೂಲವಾಗಲಿ ಎಂದು ಕೇರಳ ಸರಕಾರ 1971ರಲ್ಲಿ ಮಲಯಾಳ ಲಿಪಿಯನ್ನು ಸುಧಾರಿಸಿತು. ಒಂದರ ಕೆಳಗೊಂದು ಕೂರುತ್ತಿದ್ದ ಹೆಚ್ಚಿನ ಕೂಟಾಕ್ಷರಗಳು ಬಿಡಿಸಿಕೊಂಡು ಪಕ್ಕಪಕ್ಕಕ್ಕೆ ಬಂದವು. ಹಾಗಾಗಿ ಹೊಸ ಲಿಪಿಯಲ್ಲಿ ಕಣ್ಣು ಪಳಗಿದವರಿಗೆ ಕೆಳಗೆ ಜಾಗ ಬೇಕೆಂಬ ಯೋಚನೆಯೇ ಬರುವುದಿಲ್ಲ. ಇದು ಅವರ ದ್ವೇಷವಲ್ಲ, ಕಣ್ಣಿಗೆ ಅಭ್ಯಾಸ ಇಲ್ಲದ್ದು. ಅದಕ್ಕೇ ನಾನು ಹೇಳುವುದು, ಅಭ್ಯಾಸ ಇರುವ ಕಣ್ಣಿನವರ ಕೈಗೆ ಆ ಒಂದು ಅನುಮತಿ ಬೇಕು ಎಂದು.

ಗಡಿಯಾಚೆಯ ಉಳಿದ ಕನ್ನಡ ಶಾಲೆಗಳವರೂ ಇದನ್ನು ತಮ್ಮ ಕಡೆಗೆ ಹೋಲಿಸಿ ನೋಡಿ. ತಾಳವಾಡಿ, ಹೊಸೂರಿನಲ್ಲಿ ತಮಿಳರ ಕಣ್ಣಿನಿಂದ ವಿನ್ಯಾಸ ಆಗುತ್ತದೆ. ತಮಿಳಿನಲ್ಲಿ ಮೇಲೆ ಚುಕ್ಕಿ ಇಟ್ಟರೆ ಮುಗಿಯಿತು, ಒತ್ತಕ್ಷರದ ಪದ್ಧತಿಯೇ ಇಲ್ಲ. ಅಕ್ಕಲಕೋಟೆ, ಜತ್ತದಲ್ಲಿ ಮರಾಠಿಯ ಕಣ್ಣು. ಅಲ್ಲಿ ತಲೆಗೆರೆಯ ಮೇಲಿನ ಮಾತ್ರೆಗೆ ಜಾಗ ಬಿಡುವ ಯೋಚನೆ ಮೊದಲು ಬರುತ್ತದೆ, ಕೆಳಗಿನದ್ದು ಆಮೇಲೆ. ಆದೋನಿ, ರಾಯದುರ್ಗ, ಮಡಕಶಿರಾದವರು ಸ್ವಲ್ಪ ಪುಣ್ಯವಂತರು. ತೆಲುಗಿಗೂ ನಮ್ಮ ಹಾಗೆಯೇ ಒತ್ತು ಉಂಟು, ತೆಲುಗಿಗೆ ಹೊಲಿದ ಅಂಗಿ ಕನ್ನಡಕ್ಕೆ ಸರಿಯಾಗುತ್ತದೆ. ಆದರೆ ಮೆನುವಿನಲ್ಲಿ ಕನ್ನಡದ ಹೆಸರು ಸೇರಿಸಬೇಕಾದರೆ ಅವರಿಗೂ ಇದೇ ಬೀಗ!

ಈಗ ಇದರಿಂದ ಆಗುವ ನಷ್ಟದ ಮಾತು. ಕೇರಳದ ಶಾಲೆಗಳಲ್ಲಿ ಜೂನ್‌ನಲ್ಲಿ ಬಾಗಿಲು ತೆರೆದ ಆರನೆಯ ಅಧ್ಯಯನ ದಿನ ಮಕ್ಕಳ ತಲೆ ಎಣಿಸುತ್ತಾರೆ. ಆ ಲೆಕ್ಕದ ಮೇಲೆ ಡಿವಿಷನ್, ಡಿವಿಷನ್ ಲೆಕ್ಕದ ಮೇಲೆ ಅಧ್ಯಾಪಕರ ಹುದ್ದೆ. ಏಳನೆಯ ದಿನ ಬಂದು ಸೇರಿದ ಮಗು ಓದಲಿಕ್ಕೆ ಉಂಟು, ಆ ವರ್ಷದ ಲೆಕ್ಕಕ್ಕಿಲ್ಲ. ಕನ್ನಡ ವಿಭಾಗಕ್ಕೆ ಒಂದು ಮಗು ಕಡಿಮೆ ಎಂದರೆ ನಮಗೆ ಅದು ಬರೀ ಒಂದು ಅಲ್ಲ. ಕೊನೆಗೆ ಡಿವಿಷನ್ ಹೋಗುವುದು ಆ ಒಂದರಿಂದಲೇ. ಒಮ್ಮೆ ಹೋದ ಡಿವಿಷನ್ ತಿರುಗಿ ಬಂದದ್ದನ್ನು ನಾನು ನೋಡಿದ್ದು ಕಡಿಮೆ.

ದುಬೈಯ ಹುಡುಗನ ಮಗು ಆಚೆ ಹೋದದ್ದಕ್ಕೆ ಜಾಲತಾಣ ಒಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಇಂಗ್ಲಿಷಿನ ಮೋಹ ಉಂಟು, ಮನೆ ಬಾಗಿಲಿಗೆ ಬರುವ ಬಸ್ಸು ಉಂಟು, ನೆರೆಮನೆಯ ಮಗುವಿನ ಟೈ ಉಂಟು. ಆದರೆ ಆ ಹುಡುಗ ಮೊದಲು ನಮ್ಮನ್ನೇ ಹುಡುಕಿಕೊಂಡು ಬಂದಿದ್ದ. ಬಾಗಿಲಿನ ಮೇಲೆ ನಮ್ಮ ಹೆಸರು ಇರಲಿಲ್ಲ, ತಿರುಗಿ ಹೋದ. ಹಿಂದೆ ಹೆತ್ತವರು ಶಾಲೆಯ ಗೇಟಿನ ಬೋರ್ಡು ನೋಡುತ್ತಿದ್ದರು. ಈಗ ಮೊದಲು ಮೊಬೈಲು ನೋಡುತ್ತಾರೆ. ಗೇಟಿನ ಬೋರ್ಡಿನಲ್ಲಿ ಕನ್ನಡ ಬಿಟ್ಟು ಹೋಗಿದ್ದರೆ ನಾವೆಲ್ಲ ಸುಮ್ಮನಿರುತ್ತಿದ್ದೆವಾ? ಧರಣಿ ಕೂರುತ್ತಿರಲಿಲ್ಲವೇ? ಮೆನುವಿನಲ್ಲಿ ಕನ್ನಡ ಇಲ್ಲದ್ದು ಯಾಕೆ ನಮಗೆ ಧರಣಿಯ ವಿಷಯ ಆಗಲಿಲ್ಲ?

ಇನ್ನು ಆಚೆ ಕಡೆಯವರ ವಾದಗಳು. ನ್ಯಾಯವಾಗಿ ಅವನ್ನೂ ಹೇಳಬೇಕು.

ಮೊದಲನೆಯದು, ಸುರಕ್ಷತೆ. "ಎಲ್ಲರಿಗೂ ಅಡ್ಮಿನ್ ಕೊಟ್ಟರೆ ತಾಣ ಹಾಳಾಗುತ್ತದೆ, ಕಳ್ಳರು ನುಗ್ಗುತ್ತಾರೆ." ಒಪ್ಪಿದೆ, ನೂರಕ್ಕೆ ನೂರು ಒಪ್ಪಿದೆ. ಅಡ್ಮಿನ್ ಎಂದರೆ ಪ್ಲಗಿನ್ ಹಾಕಬಹುದು, ಬಳಕೆದಾರರನ್ನು ತೆಗೆದುಹಾಕಬಹುದು, ಮನಸ್ಸು ಬಂದರೆ ಶಾಲೆಯ ಇಡೀ ತಾಣವನ್ನೇ ಮಾಯ ಮಾಡಬಹುದು. ಹಾಗಾಗಿ ನಾನು ಅಡ್ಮಿನ್ ಕೇಳುತ್ತಲೇ ಇಲ್ಲ! ಗಣಕಶಾಸ್ತ್ರದಲ್ಲಿ ಇದಕ್ಕೊಂದು ನಿಯಮ ಉಂಟು. 1975ರಲ್ಲಿ ಸಾಲ್ಟ್‌ಜರ್ ಮತ್ತು ಶ್ರೋಡರ್ ಎಂಬ ಇಬ್ಬರು ವಿದ್ವಾಂಸರು ತಮ್ಮ ಪ್ರಬಂಧದಲ್ಲಿ ಪಟ್ಟಿ ಮಾಡಿದ ನಿಯಮಗಳಲ್ಲಿ ಅದೂ ಒಂದು. ಒಬ್ಬ ತನ್ನ ಕೆಲಸ ಮುಗಿಸಲು ಎಷ್ಟು ಅಧಿಕಾರ ಬೇಕೋ ಅಷ್ಟೇ ಇರಬೇಕು ಎಂಬುದು ಅದರ ಸಾರ. ಆಚೆ ಕಡೆಯವರು ಇದರ ಅರ್ಧ ಮಾತ್ರ ಓದುತ್ತಾರೆ, 'ಹೆಚ್ಚು ಕೊಡಬೇಡಿ' ಎಂಬುದನ್ನು. 'ಕೆಲಸ ಮುಗಿಸಲು ಬೇಕಾದಷ್ಟು' ಎಂಬ ಇನ್ನೊಂದು ಅರ್ಧ ಎಲ್ಲಿ ಹೋಯಿತು? ಕನ್ನಡ ವಿಭಾಗದ ಪುಟ ನೋಡಿಕೊಳ್ಳುವುದು ನನ್ನ ಕೆಲಸವಾದರೆ ಕನ್ನಡ ಓದುವ ಹಾಗೆ ಕಾಣಿಸುವುದೂ ನನ್ನ ಕೆಲಸವೇ. ಅದಕ್ಕೆ ಬೇಕಾದ ಅಧಿಕಾರ ಇಲ್ಲದಿದ್ದರೆ ಆ ನಿಯಮವನ್ನು ಮುರಿದವರು ಅವರೇ.

ಎರಡನೆಯದು, "ಅಧ್ಯಾಪಕರು ಕೆಡಿಸುತ್ತಾರೆ." ಇದರಲ್ಲೂ ಸತ್ಯ ಉಂಟು. ಮುಚ್ಚಿಡುವುದಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ತಾಣದ ಅಡ್ಮಿನ್ ಪಾಸ್‌ವರ್ಡ್ ನಮ್ಮಲ್ಲೇ ಇತ್ತು. ಅದನ್ನು ಲ್ಯಾಬಿನ ಗೋಡೆಗೆ ಚೀಟಿ ಬರೆದು ಅಂಟಿಸಿದ್ದೆವು. ಹತ್ತು ಮಂದಿಗೂ ಒಂದೇ ಲಾಗಿನ್. ಕಲೋತ್ಸವದ ಸಮಯ ಯಾರೋ ಚಂದ ಕಾಣಲಿ ಎಂದು ಥೀಮ್ ಬದಲಿಸಿದರು. ಮೆನು ಚೆಲ್ಲಾಪಿಲ್ಲಿಯಾಯಿತು, ಮುಖಪುಟದ ಫೋಟೋಗಳು ಕಾಣದಾದವು. ಯಾರು ಮಾಡಿದ್ದು ಎಂದು ಕೇಳಿದರೆ ಎಲ್ಲರೂ ಚಾವಣಿ ನೋಡಿದರು! ಒಂದೇ ಲಾಗಿನ್ ಆದ ಕಾರಣ ಕಂಡುಹಿಡಿಯುವ ದಾರಿಯೂ ಇರಲಿಲ್ಲ. ಆಮೇಲೆಯೇ ಕಂಪೆನಿಗೆ ಕೊಟ್ಟದ್ದು, ಅವರು ಎಲ್ಲವನ್ನೂ ಬಿಗಿದು ಕಟ್ಟಿದ್ದು. ಹಾಗಾಗಿ ಈ ಬೀಗಕ್ಕೆ ಅರ್ಧ ಕಾರಣ ನಾವೇ.

ಆದರೆ ಮಗು ಒಮ್ಮೆ ಶಾಯಿ ಚೆಲ್ಲಿತು ಎಂದು ಇಡೀ ವರ್ಷ ಪೆನ್ನು ಕೊಡದೆ ಇರುತ್ತೇವೆಯೇ? ಈಗ ಚೆಲ್ಲಿದರೂ ಒರೆಸುವ ಉಪಾಯ ಉಂಟು. 2023ರ ಆಗಸ್ಟಿನಲ್ಲಿ ಬಂದ 6.3 ಆವೃತ್ತಿಯಿಂದ ಸೈಟ್ ಎಡಿಟರಿನ ಶೈಲಿಯ ಬದಲಾವಣೆಗಳ ಹಿಂದಿನ ಪ್ರತಿಗಳನ್ನೂ ನೋಡಬಹುದು. ಯಾರು, ಯಾವಾಗ ಬದಲಿಸಿದರು ಎಂದು ಕಾಣುತ್ತದೆ, ಬೇಡವಾದರೆ ಹಿಂದಿನದ್ದಕ್ಕೆ ತಿರುಗಿ ಹೋಗಬಹುದು. ಒಬ್ಬೊಬ್ಬರಿಗೂ ಬೇರೆ ಲಾಗಿನ್ ಇದ್ದರೆ ಚಾವಣಿ ನೋಡುವ ಪ್ರಶ್ನೆಯೇ ಇಲ್ಲ.

ಮೂರನೆಯದು, ಏಕರೂಪತೆ. "ಇಡೀ ತಾಣ ಒಂದೇ ರೀತಿ ಕಾಣಬೇಕು." ಕಾಣಲಿ. ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಒಂದೇ ಬಣ್ಣದ ಸಮವಸ್ತ್ರ. ಹಾಗೆಂದು ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಸುತ್ತೇವೆಯೇ? ಬಣ್ಣ ಒಂದೇ ಇರಲಿ, ಲಾಂಛನ ಒಂದೇ ಇರಲಿ. ಅಳತೆ ಮಾತ್ರ ಆಯಾ ಭಾಷೆಯದ್ದು.

ನಾಲ್ಕನೆಯದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಮುಖದಲ್ಲಿ ಕಾಣುತ್ತದೆ. "ಕನ್ನಡ ಮಾಷ್ಟ್ರಿಗೆ ಇದೆಲ್ಲ ಎಂತ ಗೊತ್ತು?" ಕೇರಳದ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ 2001ರಲ್ಲೇ ಶುರುವಾಯಿತು. ನಾವು ಲಿನಕ್ಸ್ ಕಲಿತವರು, ಮಕ್ಕಳಿಗೆ ಕಲಿಸಿದವರು. 2018ರಲ್ಲಿ ಆರಂಭವಾದ ಲಿಟಲ್ ಕೈಟ್ಸ್‌ನಲ್ಲಿ ನಮ್ಮ ಹೈಸ್ಕೂಲಿನ ಮಕ್ಕಳೇ ಅನಿಮೇಷನ್ ಮಾಡುತ್ತಾರೆ. ಅವರ ಮಾಷ್ಟ್ರಿಗೆ ಸಾಲಿನ ಅಂತರ ಹೆಚ್ಚಿಸಲು ಬರುವುದಿಲ್ಲವೇ?

ಬೇರೆ ಕಡೆ ಇದನ್ನು ಹೇಗೆ ಬಗೆಹರಿಸಿದ್ದಾರೆ ನೋಡಿ. ಕನ್ನಡ ವಿಕಿಪೀಡಿಯ 2003ರಿಂದ ಉಂಟು, ಯಾರೂ ಲೇಖನ ತಿದ್ದಬಹುದು. ಆದರೆ ಇಡೀ ತಾಣದ ರೂಪ ಬದಲಿಸುವ ಕೋಡ್ ಪುಟಗಳನ್ನು ಯಾರೂ ಮುಟ್ಟುವಂತಿಲ್ಲ. 2018ರಲ್ಲಿ ವಿಕಿಪೀಡಿಯಗಳಲ್ಲಿ ಅದಕ್ಕೆಂದೇ ಪ್ರತ್ಯೇಕ ಗುಂಪು ಮಾಡಿದರು. ಬರೀ ನಿರ್ವಾಹಕ ಆದರೆ ಸಾಲದು, ಆ ಗುಂಪಿನಲ್ಲೂ ಇರಬೇಕು. ಬಿಗಿ ಮಾಡಿದ್ದು ಹೌದು. ಆದರೆ ಆ ಗುಂಪಿಗೆ ಯಾರು ಸೇರಬೇಕು ಎಂಬುದರಲ್ಲಿ ಆಯಾ ಭಾಷೆಯ ಸಮುದಾಯದ ಮಾತಿಗೆ ಬೆಲೆ ಉಂಟು. ಬೀಗವೂ ಉಂಟು, ಬೀಗದಕೈ ಮನೆಯವರ ಹತ್ತಿರವೂ ಉಂಟು. ನಾವು ಕೇಳುವುದು ಇಷ್ಟನ್ನೇ.

ಕೆಲವು ಶಾಲೆಗಳವರು ವರ್ಡ್‌ಪ್ರೆಸ್ ಬಿಟ್ಟು ಬೇರೆ ದಾರಿ ಹಿಡಿದಿದ್ದಾರೆ, ಅವರಿಗೂ ಒಂದು ಮಾತು. ಗೂಗಲ್‌ನ ಬ್ಲಾಗರ್‌ನಲ್ಲಿ ಲೇಖಕನಿಗೆ ಬರೆಯಲು ಮಾತ್ರ, ರೂಪ ಬದಲಿಸುವುದು ಅಡ್ಮಿನ್ ಒಬ್ಬನೇ. ಗೂಗಲ್ ಸೈಟ್ಸ್‌ನಲ್ಲಿ ಇದಕ್ಕೆ ಉಲ್ಟಾ, ತಿದ್ದುವ ಅನುಮತಿ ಪಡೆದವನು ಥೀಮನ್ನೂ ಬದಲಿಸಬಹುದು. ಒಂದು ಕಡೆ ಬಾಗಿಲಿಗೆ ಬೀಗ, ಇನ್ನೊಂದು ಕಡೆ ಬಾಗಿಲೇ ಇಲ್ಲ. ಎರಡರಲ್ಲೂ ಯಾರಿಗೆ ಯಾವುದು ಎಂದು ಮೊದಲ ದಿನವೇ ಕೂತು ತೀರ್ಮಾನಿಸದಿದ್ದರೆ ಆಮೇಲೆ ಜಗಳ ಖಂಡಿತ.

ಬರೀ ಬೈದು ಮುಗಿಸಬಾರದು. ಆದೀತು ಎಂಬ ದಾರಿಗಳನ್ನೂ ಹೇಳುತ್ತೇನೆ. ಇವನ್ನು ನಿಮ್ಮ ಪಿ.ಟಿ.ಎ. ಸಭೆಯಲ್ಲಿ ಓದಿ ಹೇಳಿ.

1. ಕನ್ನಡ ವಿಭಾಗಕ್ಕೆ ಉಪತಾಣ ಕೇಳಿ. ವರ್ಡ್‌ಪ್ರೆಸ್‌ನಲ್ಲಿ 'ಮಲ್ಟಿಸೈಟ್' ಎಂಬ ವ್ಯವಸ್ಥೆ 2010ರ 3.0 ಆವೃತ್ತಿಯಿಂದಲೇ ಒಳಗೇ ಉಂಟು. ಒಂದೇ ತಾಣದೊಳಗೆ ಮಲಯಾಳಕ್ಕೊಂದು, ಕನ್ನಡಕ್ಕೊಂದು ಕೋಣೆ. ಕನ್ನಡದ ಕೋಣೆಗೆ ಕನ್ನಡ ಅಧ್ಯಾಪಕರು ಅಡ್ಮಿನ್. ಅವರು ತಮ್ಮ ಕೋಣೆಯ ಭಾಷೆ, ಮೆನು, ಅಕ್ಷರ, ಸಾಲಿನ ಎತ್ತರ ಎಲ್ಲ ನೋಡಿಕೊಳ್ಳಬಹುದು. ಹೊಸ ಥೀಮ್, ಪ್ಲಗಿನ್ ತಂದು ಹಾಕುವ ಅಧಿಕಾರ ಮೇಲಿನ 'ಸೂಪರ್ ಅಡ್ಮಿನ್' ಹತ್ತಿರವೇ ಉಳಿಯುತ್ತದೆ. ಸುರಕ್ಷತೆಗೆ ಸುರಕ್ಷತೆ, ಸ್ವಾತಂತ್ರ್ಯಕ್ಕೆ ಸ್ವಾತಂತ್ರ್ಯ. ಇಷ್ಟು ವರ್ಷದಿಂದ ಇರುವ ಸೌಲಭ್ಯವನ್ನು 'ಆಗುವುದಿಲ್ಲ ಸಾರ್' ಎಂದರೆ ಒಪ್ಪಬೇಡಿ.

2. ಉಪತಾಣ ಆಗದಿದ್ದರೆ, ಥೀಮಿನಲ್ಲೇ ಒಂದು ನಿಯಮ ಬರೆಸಿ. ಎಲ್ಲಿ ಬರಹಕ್ಕೆ ಕನ್ನಡ ಎಂಬ ಭಾಷೆಯ ಗುರುತು ಉಂಟೋ ಅಲ್ಲೆಲ್ಲ ಸಾಲಿನ ಎತ್ತರ ಹೆಚ್ಚು, ಅಕ್ಷರಗಳ ನಡುವಿನ ಕೃತಕ ಅಂತರ ಸೊನ್ನೆ, ಕನ್ನಡಕ್ಕೆಂದೇ ಮಾಡಿದ ಅಕ್ಷರಮುಖ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಮುಂತಾದವು ಉಚಿತವಾಗಿಯೇ ಸಿಗುತ್ತವೆ. ನಾಲ್ಕು ಸಾಲಿನ ಕೆಲಸ. ಒಮ್ಮೆ ಮಾಡಿದರೆ ಸಾಕು, ಆಮೇಲೆ ನಮಗೆ ಕೀಲಿಕೈ ಕೂಡ ಬೇಡ. ಆದರೆ ಮಾಡಿದ ಮೇಲೆ ಕನ್ನಡದವರೊಬ್ಬರು ನೋಡಿ 'ಸರಿ' ಎಂದ ನಂತರವೇ ಬಿಲ್ಲು ಪಾಸಾಗಬೇಕು.

3. 'ಎಡಿಟ್ ಥೀಮ್ ಆಪ್ಶನ್ಸ್' ಅನುಮತಿಯನ್ನು ಹಾಗೆಯೇ ಎಲ್ಲರಿಗೂ ಕೊಡಿಸಬೇಡಿ. ಪ್ಲಗಿನ್ ಹಾಕಿ ಸಂಪಾದಕನ ಪಾತ್ರಕ್ಕೆ ಆ ಅನುಮತಿ ಸೇರಿಸುವುದು ಸುಲಭ, ಆದರೆ ಅದು ಮೆನುವಿನ ಜೊತೆಗೆ ತಲೆಪಟ್ಟಿಯಿಂದ ಅಡಿಪಟ್ಟಿಯ ತನಕ ಎಲ್ಲವನ್ನೂ ತೆರೆದುಬಿಡುತ್ತದೆ. ಕೊಡುವುದಾದರೆ ಪ್ರತ್ಯೇಕ ಪಾತ್ರ ಮಾಡಿ, ಒಂದು ವಿಭಾಗಕ್ಕೆ ಒಬ್ಬರಿಗೆ, ತರಬೇತಿ ಕೊಟ್ಟ ಮೇಲೆ.

4. ನಮ್ಮ ಕೈಗೂ ಒಂದು ಬೀಗ ಹಾಕಿಸೋಣ. 2021ರಿಂದ ಥೀಮಿನೊಳಗಿನ 'ಥೀಮ್ ಡಾಟ್ ಜೇಸನ್' ಎಂಬ ಕಡತದಲ್ಲಿ ಯಾವ ಬಣ್ಣ, ಯಾವ ಗಾತ್ರ ಮಾತ್ರ ಆರಿಸಬಹುದು ಎಂದು ನಿಗದಿ ಮಾಡಬಹುದು. ಬೇಕಾಬಿಟ್ಟಿ ಬಣ್ಣದ ಡಬ್ಬಿ ಮುಚ್ಚಿಸಿ. ಐದು ಬಣ್ಣ, ನಾಲ್ಕು ಗಾತ್ರ ಸಾಕು. ಸಾಲಿನ ಎತ್ತರದ ಹಕ್ಕು ಕೇಳುವವರು ರಾಮಾ ಹಸಿರು ಪ್ಯಾರಾದ ಹಕ್ಕನ್ನು ಬಿಟ್ಟುಕೊಡಬೇಕು. ಇದು ನನಗೂ ಸೇರಿ ಹೇಳಿದ ಮಾತು.

5. ಶಾಲೆಯ ಹೆಸರಿನಲ್ಲಿ ಒಂದು ಅಡ್ಮಿನ್ ಖಾತೆ ಇರಲೇಬೇಕು. ಪಾಸ್‌ವರ್ಡ್ ಲಕೋಟೆಯಲ್ಲಿ ಮುಚ್ಚಿ ಹೆಡ್ ಟೀಚರ ಕಪಾಟಿನಲ್ಲಿ. ಕಂಪೆನಿ ನಾಳೆ ಮುಚ್ಚಿದರೆ? ಶಾಲೆಯ ಕಟ್ಟಡ ಕಟ್ಟಿದ ಕಂತ್ರಾಟುದಾರ ಬೀಗದಕೈ ತನ್ನ ಕಿಸೆಯಲ್ಲೇ ಇಟ್ಟುಕೊಂಡು ಹೋದರೆ ಬಿಡುತ್ತೇವೆಯೇ?

ಕೊನೆಗೆ ಒಂದು ಮಾತು. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. ಅದೇ ವರ್ಷದ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕು ಎನ್ನುತ್ತದೆ ಅದು. ಅಂದಿನಿಂದ ಇಂದಿನ ತನಕ ನಮ್ಮ ಹೋರಾಟ ಎಲ್ಲ ಈ 'ಸಾಕಷ್ಟು' ಎಂಬ ಶಬ್ದದ ಮೇಲೆಯೇ. ಪುಸ್ತಕ ಬರುತ್ತದೆ, ತಡವಾಗಿ. ಹುದ್ದೆ ಇರುತ್ತದೆ, ಕನ್ನಡ ಗೊತ್ತಿಲ್ಲದವರು ಬಂದು ಕೂರುತ್ತಾರೆ. ಹೆಸರಿಗೆ ಪಾತ್ರ ಉಂಟು, ಕೈಯಲ್ಲಿ ಅನುಮತಿ ಇಲ್ಲ. ಜಾಲತಾಣದಲ್ಲಿ ನನಗಾದದ್ದು ಹೊಸತೇನಲ್ಲ. ಹಳೆಯ ಕಥೆಯೇ ಹೊಸ ಪರದೆಯ ಮೇಲೆ ಬಂತು, ಅಷ್ಟೇ.

ವ್ಯತ್ಯಾಸ ಒಂದೇ. ಆ ದೊಡ್ಡ ಕೀಲಿಕೈಗಳು ತಿರುವನಂತಪುರದಲ್ಲಿವೆ, ದೆಹಲಿಯಲ್ಲಿವೆ. ಈ ಸಣ್ಣ ಕೀಲಿಕೈ ನಮ್ಮ ಪಿ.ಟಿ.ಎ.ಯ ಒಂದು ಠರಾವಿನಲ್ಲಿ ಸಿಗುತ್ತದೆ. ಕೇಳದೆ ಸುಮ್ಮನಿದ್ದು ಆಮೇಲೆ ಭಾಷೆ ಹೋಯಿತು ಎಂದು ವೇದಿಕೆಯಲ್ಲಿ ಕಣ್ಣೀರು ಹಾಕುವುದರಲ್ಲಿ ಅರ್ಥ ಇಲ್ಲ.

ನಮ್ಮ ಮುಂದಿನ ಸಭೆಯಲ್ಲಿ ಈ ಐದು ವಿಷಯ ಎತ್ತುತ್ತೇನೆ ಎಂದು ಹೆಡ್ ಟೀಚರಿಗೆ ಹೇಳಿ ಆಯಿತು. ಅವರು ಮಲಯಾಳದವರು. ಮೊಬೈಲಿನಲ್ಲಿ 'ಕನಡ' ತೋರಿಸಿ, ಕೆಳಗೆ ಏನು ಕಡಿದು ಹೋಗಿದೆ ಎಂದು ಕಾಗದದಲ್ಲಿ ಬರೆದು ತೋರಿಸಿದೆ. ಸ್ವಲ್ಪ ಹೊತ್ತು ಎರಡನ್ನೂ ನೋಡಿದರು. "ಇದು ನನಗೆ ಗೊತ್ತೇ ಇರಲಿಲ್ಲ ಮಾಷೇ, ಮೊದಲೇ ಹೇಳಬಾರದಿತ್ತಾ?" ಎಂದರು.

ಹೌದು, ಮೊದಲೇ ಹೇಳಬೇಕಿತ್ತು. ನಿಮ್ಮ ಶಾಲೆಯ ತಾಣವನ್ನೂ ಇವತ್ತೇ ಮೊಬೈಲಿನಲ್ಲಿ ತೆರೆದು ನೋಡಿ. 'ಕನ್ನಡ' ಉಂಟಾ, 'ಕನಡ' ಉಂಟಾ, ಎರಡೂ ಇಲ್ವಾ? ನೋಡಿದವರು ಸುಮ್ಮನೆ ಕೂರಬೇಡಿ. ಜೂನ್ ಬರುತ್ತದೆ, ಆರನೆಯ ದಿನವೂ ಬರುತ್ತದೆ.